ಅವ್ವ ಬಿಟ್ಟ ಒತ್ತು

ಸತ್ತ ತಾಯಿಯನ್ನು ಹೊಗಳುವ ಗಂಡಸರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬದುಕಿದ್ದಾಗ ಒಂದು ಚೊಂಬು ನೀರು ಕೊಡದವರೂ ಆಮೇಲೆ ಕಲ್ಲು ನೆಡಿಸುತ್ತಾರೆ. ನನ್ನ ತಮ್ಮನೂ ಈಗ ಆ ಸಾಲಿಗೆ ಸೇರಿದ್ದಾನೆ. ಶಿಕಾರಿಪುರದಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟು ದೊಡ್ಡ ಮನುಷ್ಯನಾದ ಅವನಿಗೆ, ನಮ್ಮೂರಿನ ಬಸ್ಸು ನಿಲ್ಲುವ ಜಾಗದಲ್ಲಿ ಅವ್ವನ ಹೆಸರಿನಲ್ಲಿ ಒಂದು ನೆರಳು ಕಟ್ಟಿಸುವ ಉಮೇದು ಬಂದಿದೆ. ನೆರಳು ಬೇಕಾದದ್ದೇ. ಆದರೆ ಅದರ ಕಲ್ಲಿನ ಮೇಲೆ 'ತ್ಯಾಗಮೂರ್ತಿ' ಎಂದು ಕೆತ್ತಿಸುತ್ತಾನಂತೆ. ಅವ್ವ ಇದ್ದಿದ್ದರೆ ಅದನ್ನು 'ತಾಗಮೂತಿ' ಎಂದು ಓದಿ, "ಯಾರ ಮೂತಿನೋ ಅದು?" ಎಂದು ಕೇಳುತ್ತಿದ್ದಳು.

ಯಾಕೆಂದು ಹೇಳುತ್ತೇನೆ. ಅವ್ವ ಕೂಲಿಯವರ ಮನೆಯಲ್ಲಿ ಹುಟ್ಟಿ ಕೂಲಿಯವರ ಮನೆಗೇ ಸೊಸೆಯಾಗಿ ಬಂದವಳು. ಅಪ್ಪ ಬೇಗ ತೀರಿಕೊಂಡದ್ದರಿಂದ ಮನೆಗೆ ಅವಳೇ ಯಜಮಾನಿ. ಅಂಜನಾಪುರ ಡ್ಯಾಮಿನ ನೀರು ಹಾಯುವ ಕಂಡವರ ಗದ್ದೆಗಳಲ್ಲಿ ಬಗ್ಗಿ ನಾಟಿ ಮಾಡುತ್ತಿದ್ದಳು. ಪಕ್ಕದ ರಸ್ತೆಯಲ್ಲಿ ಬಸ್ಸು ಓಡಾಡುತ್ತಿತ್ತು. ಹೋಗುವಾಗ ಹಣೆಯ ಮೇಲೆ ಸೊರಬ, ಬರುವಾಗ ಶಿಕಾರಿಪುರ. ಆ ಬೋರ್ಡೇ ಅವಳ ಶಾಲೆ. ಸೊಂಟ ನೆಟ್ಟಗೆ ಮಾಡುವ ನೆಪದಲ್ಲಿ ಎದ್ದು ನೋಡುವಳು. ಎರಡು ಹೆಸರಿನಲ್ಲೂ ಒಂದು ಸದ್ದು ಸಮ, ಎರಡು ಬೋರ್ಡಿನಲ್ಲೂ ಒಂದು ಗುರುತು ಸಮ. ಹಾಗಾದರೆ ಅದು 'ರ'! ಲೋಕಕ್ಕೆಲ್ಲ 'ಅ' ಮೊದಲ ಅಕ್ಷರವಾದರೆ ನಮ್ಮವ್ವನಿಗೆ 'ರ'. ಶಿಕಾರಿಪುರದ 'ಶಿ' ಶಿವನ 'ಶಿ'ಯೂ ಹೌದೆಂದು ಹೊಳೆದ ದಿನದಿಂದ ಅವಳು ಬಸ್ಸಿಗೆ ಕೈಮುಗಿಯತೊಡಗಿದಳು. ಕಂಡಕ್ಟರು ಕಿಸಕ್ಕನೆ ನಗುತ್ತಿದ್ದ. ದಿನವೂ ಶಿವನ ಹೆಸರು ಹೊತ್ತ ಗಾಡಿಯಲ್ಲಿ ತಿರುಗಿಯೂ ಅದನ್ನು ಕಾಣದ ಆಸಾಮಿ ಅವನು.

ಮಿಕ್ಕ ಅಕ್ಷರಗಳು ಬೀಡಿ ಕಟ್ಟಿನಿಂದ, ಸೋಪಿನ ಕಾಗದದಿಂದ, ಯಾರೋ ಎಸೆದ ಹರಕು ಪಂಚಾಂಗದಿಂದ ಬಂದವು. ಬಾರದೆ ಉಳಿದದ್ದು ಒತ್ತಕ್ಷರ ಮಾತ್ರ. ಶಿಕಾರಿಪುರಕ್ಕೂ ಒತ್ತಿಲ್ಲ, ಸೊರಬಕ್ಕೂ ಒತ್ತಿಲ್ಲ, ಪಾಪ, ಅವಳೇನು ಮಾಡಿಯಾಳು? ಅಕ್ಷರದ ಬುಡದಲ್ಲಿ ಜೋತುಬಿದ್ದ ಕೊಕ್ಕೆಗಳನ್ನೆಲ್ಲ ಬರೀ ಅಲಂಕಾರ ಎಂದುಕೊಂಡಳು. ಗದ್ದೆ 'ಗದೆ'ಯಾಯಿತು, ಕತ್ತೆ 'ಕತೆ'ಯಾಯಿತು. ನನಗೂ ಹಾಗೆಯೇ ಕಲಿಸಿದಳು. ನಾನು ಕಂಡ ಕೆಲವು ಕತೆಗಾರರನ್ನು ನೆನೆದರೆ ಆ ಪಾಠದಲ್ಲಿ ದೊಡ್ಡ ತಪ್ಪೇನೂ ಇರಲಿಲ್ಲ.

ಹೀಗಿರುವಾಗ ನನ್ನನ್ನು ನೋಡಲು ಸೊರಬದ ಕಡೆಯ ಕುಪ್ಪಗಡ್ಡೆಯಿಂದ ಗಂಡಿನವರು ಬಂದರು. ಆ ಕಾಲದಲ್ಲಿ ಜೇಬಿಗೆ ಪೆನ್ನು ಸಿಕ್ಕಿಸಿದವನೇ ವಿದ್ಯಾವಂತ. ಹುಡುಗನ ಜೇಬಿನಲ್ಲೂ ಒಂದಿತ್ತು. ಸುಳ್ಳೇಕೆ, ಹುಡುಗ ನನಗೆ ಹಿಡಿಸಿದ್ದ. ಬಡವರ ಮನೆಗೆ ಎರಡು ಹೊತ್ತಿನ ಗಂಜಿಗೆ ತತ್ವಾರವಿಲ್ಲದವರ ಸಂಬಂಧ ಬರುವುದೇ ಅಪರೂಪ, ಇದು ತಪ್ಪಿದರೆ ಮತ್ತೊಂದು ಬರುವ ಭರವಸೆಯೂ ಇರಲಿಲ್ಲ.

ಹುಡುಗನ ಸೋದರಮಾವ ಮಂಡಕ್ಕಿ ಮುಕ್ಕುತ್ತ, "ಹುಡುಗಿಗೆ ಓದು ಬರ್ತದೋ?" ಎಂದ.

"ಬರ್ತೈತ್ರೀ, ನಾನೇ ಕಲ್ಸೀನಿ," ಎಂದಳು ಅವ್ವ. ಅವಳ ದನಿಯಲ್ಲಿ ಹೆಮ್ಮೆ ತುಂಬಿತ್ತು.

ಮಾವ ಹುಡುಗನ ಪೆನ್ನು ಕಿತ್ತುಕೊಂಡು ಬರೆಯಲು ಹೋದ. ಅದರಲ್ಲಿ ಮಸಿಯೇ ಇರಲಿಲ್ಲ. ಕೊನೆಗೆ ನಮ್ಮ ಒಲೆಯ ಇದ್ದಿಲಿನಿಂದ ನಮ್ಮ ಗೋಡೆಯ ಮೇಲೆಯೇ ತನ್ನೂರಿನ ಹೆಸರು ಗೀಚಿದ. ನಾನು ಗಟ್ಟಿಯಾಗಿ 'ಕುಪಗಡೆ' ಎಂದು ಓದಿದೆ.

ಬಂದವರೆಲ್ಲ ಬಿದ್ದು ಬಿದ್ದು ನಕ್ಕರು. ಮಸಿಯಿಲ್ಲದ ಪೆನ್ನಿನವನೂ ನಕ್ಕ. ಮಾವ ಕಣ್ಣೊರೆಸಿಕೊಂಡು ಅವ್ವನಿಗೆ ಪಾಠ ಹೇಳಿದ: "ಕೆಳಗಿರೋದು ಒತ್ತು ಮಾರಾಯ್ತಿ. ನಮ್ಮನೆ ಸೊಸೇರ ಹಂಗೆ. ಕೆಳಗೆ ಕೂತು ಮೇಲಿನೋರನ್ನ ಹೊರೋದಷ್ಟೇ ಅದರ ಕೆಲಸ!"

ಛಂದಸ್ಸಿನ ಪುಸ್ತಕವನ್ನು ನಾನು ಓದಿದ್ದು ಬಹಳ ವರ್ಷಗಳ ಮೇಲೆ. ಒತ್ತಕ್ಷರ ಬಂದರೆ ಅದರ ಹಿಂದಿನ ಅಕ್ಷರ ಗುರುವಾಗುತ್ತದಂತೆ. ಭಾರ ಹೊರುವವರು ಒಬ್ಬರು, ಗುರು ಎನ್ನಿಸಿಕೊಳ್ಳುವವರು ಇನ್ನೊಬ್ಬರು! ಆ ಮಾವ ಛಂದಸ್ಸು ಓದದೆಯೇ ಇದನ್ನು ಚೆನ್ನಾಗಿ ತಿಳಿದಿದ್ದ.

ಅವ್ವ ನಗಲಿಲ್ಲ. ಗೋಡೆಯನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು. "ಹಂಗಾದ್ರೆ ನನ್ನ ಮಗಳನ್ನ ಒತ್ತು ಮಾಡಿ ಕೊಡಾಕಿಲ್ಲ ಕಣ್ರೀ. ಮಂಡಕ್ಕಿ ಮುಗಿಸ್ಕಂಡು ಹೊರಡ್ರಿ," ಎಂದಳು.

ಅವರು ರಸ್ತೆ ಮುಟ್ಟುವ ಮೊದಲೇ ಸೆಗಣಿ ಕಲಸಿ ಆ ಗೋಡೆಯನ್ನು ಸಾರಿಸಿಬಿಟ್ಟಳು. ಬಂದ ಗಂಡನ್ನು ಒಂದು ಕೊಕ್ಕೆಗಾಗಿ ಓಡಿಸುವವರುಂಟೇ? ಅವಳೊಡನೆ ಮಾತು ಬಿಟ್ಟು, ಹಠ ಹಿಡಿದು ಶಾಲೆ ಮೇಷ್ಟ್ರ ಹೆಂಡತಿಯ ಹತ್ತಿರ ಒತ್ತು ಕಲಿತೆ. ಕಲಿತದ್ದನ್ನು ಅವ್ವನ ಮುಖಕ್ಕೆ ಹೊಡೆದಂತೆ ತೋರಿಸಬೇಕೆಂದು ಅದೇ ಗೋಡೆಯ ಮೇಲೆ, ಅದೇ ಒಲೆಯ ಇದ್ದಿಲಿನಲ್ಲಿ 'ಅವ್ವ' ಎಂದು ಬರೆದೆ.

ಅವಳು ಹತ್ತಿರ ಬಂದು ಬೆರಳಿಟ್ಟು ನೋಡಿದಳು. "ನನ್ನ ಕೆಳಗೆ ಯಾರ್ನ ಕೂರ್ಸೀಯೇ?"

"ಯಾರೂ ಇಲ್ಲ. ಅದು ಒತ್ತು."

"ಅಳಿಸು ಅದ್ನ. ನಾನು ಯಾರ ಮ್ಯಾಲೂ ಕುಂತಾಕಿ ಅಲ್ಲ."

ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಸೆರಗಿನ ತುದಿಯಿಂದ ಒತ್ತನ್ನು ಒರೆಸಿದೆ. ಕೆಲವು ವರ್ಷಗಳ ಮೇಲೆ ನನ್ನನ್ನು ಶಿಕಾರಿಪುರಕ್ಕೆ ಕೊಟ್ಟಳು. ಹೆಸರಿನಲ್ಲಿ ಒತ್ತಿಲ್ಲದ ಊರೆಂದು ನಂಬಿಯೇ ಕೊಟ್ಟಳು. ಅಲ್ಲಿಯೂ ಒತ್ತಡಕ್ಕೇನೂ ಕೊರತೆಯಿರಲಿಲ್ಲ, ಆ ಮಾತು ಬೇರೆ. ಆದರೆ ಹೊರೆ ಜಾಸ್ತಿಯಾದಾಗ ಇಳಿಸಿ ನಿಲ್ಲುವುದು ನನಗೆ ಗೊತ್ತಿತ್ತು.

ಮೊನ್ನೆ ತಮ್ಮ ಕಲ್ಲು ಕೆತ್ತುವವನನ್ನೇ ಮನೆಗೆ ಕರೆತಂದಿದ್ದ. ನಾನು ತ್ಯಾಗವನ್ನೂ ಮೂರ್ತಿಯನ್ನೂ ಹೊಡೆದುಹಾಕಿ, 'ಅವ' ಎಂದು ಎರಡೇ ಅಕ್ಷರ ಬರೆದುಕೊಟ್ಟೆ.

ತಮ್ಮ ಕೆಂಡವಾದ. "ಒತ್ತು ಬಿಟ್ಟೀಯಲ್ಲಕ್ಕ! ಬಸ್ಸಿಗೆ ಬಂದೋರೆಲ್ಲ ನೋಡಿ ನಗ್ತಾರೆ."

"ನಗ್ಲಿ ಬಿಡೋ," ಎಂದೆ. "ನಕ್ಕೋರಿಗೆಲ್ಲ ಮಂಡಕ್ಕಿ ಕೊಟ್ಟು ಕಳಿಸೋಣ."