ಸುಟ್ಟ ಸಕ್ಕರೆ, ಸುಡದ ಉಪ್ಪು

ಸಕ್ಕರೆ ಸೀದ ವಾಸನೆ ಬಂದರೆ ಭೋಸರಿಯ ನಮ್ಮ ಚಾಳಿನ, ಆ ಸಾಲುಮನೆಗಳ ವಠಾರದ, ಅಡುಗೆಮನೆ ಕಣ್ಣಮುಂದೆ ನಿಲ್ಲುತ್ತದೆ. ಅದಕ್ಕೊಂದು ಕಿಟಕಿ ಇತ್ತೋ, ನಾನೇ ಆಮೇಲೆ ಕೂರಿಸಿಕೊಂಡೆನೋ ಖಾತ್ರಿಯಿಲ್ಲ. ಚಾಳೇ ಈಗಿಲ್ಲ. ನಿಮಗೂ ಹೋಗಿ ನೋಡಲಾಗದ ಇಂಥದೊಂದು ಕೋಣೆ ಇದ್ದೀತು.

ಪಂಚಮಿಗೆಂದು ಡಬ್ಬಿಗಳನ್ನೆಲ್ಲ ತಿಕ್ಕಿ ತೊಳೆದು ಅಜ್ಜಿ ತಾನೇ ತುಂಬಿಟ್ಟಿದ್ದಳು. ಹಬ್ಬದ ಬೆಳಿಗ್ಗೆ, ಉಂಡೆಗೆ ರವೆ ಹುರಿದಾದ ಮೇಲೆ, ಬೀಸಿದ ಸಕ್ಕರೆ ಯಾವುದು, ಪುಡಿ ಉಪ್ಪು ಯಾವುದು ಎಂದು ಆಕೆಗೇ ತಿಳಿಯದಾಯಿತು. ನೈವೇದ್ಯಕ್ಕೆ ಮೊದಲು ನಾಲಗೆಗೆ ಹಚ್ಚುವಂತಿಲ್ಲ. ಅಂದಾಜಿನ ಮೇಲೆ ಒಂದು ಡಬ್ಬಿಗೆ ಕೈಹಾಕಿದಳು.

"ತಡೀರಿ ಅತ್ತಿ, ನಾ ಹೇಳ್ತೀನಿ," ಎಂದಳು ಕಾಕು. ಚಿಕ್ಕಪ್ಪನ ಹೆಂಡತಿ, ಮದುವೆಗಾಗಿ ಬಿಟ್ಟ ಹನ್ನೆರಡನೆಯ ತರಗತಿಯ ಪರೀಕ್ಷೆಗೆ ಆ ವರ್ಷ ಕೂರಬೇಕೆಂದು ರೊಟ್ಟಿ ಬಡಿಯುತ್ತಲೇ ರಸಾಯನಶಾಸ್ತ್ರ ಓದುತ್ತಿದ್ದಳು. ಪರೀಕ್ಷೆಗೆ ಅಜ್ಜಿ ಇನ್ನೂ ಹೂಂ ಅಂದಿರಲಿಲ್ಲ. ಕಾಕು ಎರಡು ಚಮಚಗಳಲ್ಲಿ ಒಂದೊಂದು ಡಬ್ಬಿಯ ಪುಡಿ ಚಿಟಿಕೆ ಚಿಟಿಕೆ ಹಾಕಿ ಗ್ಯಾಸಿನ ಉರಿಗೆ ಹಿಡಿದಳು.

"ಉಪ್ಪು ಅಯಾನಿಕ ರೀ. ಪ್ಲಸ್ಸು ಮೈನಸ್ಸು ಭಾಳ ಬಿಗಿ ಹಿಡ್ಕೊಂಡಿರ್ತಾವ, ಇಷ್ಟು ಉರಿಗೆ ಕರಗೂದಿಲ್ಲ. ಸಕ್ಕರಿ ಕೋವೇಲೆಂಟ್. ಅದರ ಅಣುಗಳು ಒಂದಕ್ಕೊಂದು ಅಷ್ಟು ಬಿಗಿ ಇರೂದಿಲ್ಲ, ಲಗೂ ಕರಗ್ತದ."

"ಸೊಸಿ ಮನಿ ಹೆಂಗ ಹಿಡ್ಕೊಂಡಿರಬೇಕು ಅಂತ ಬರದಿಲ್ಲೇನ ಅದರಾಗ?" ಎಂದಳು ಅಜ್ಜಿ.

ಒಂದು ಚಮಚ ಚಟಚಟ ಸಿಡಿದು ಬೆಳ್ಳಗೇ ಉಳಿಯಿತು. ಇನ್ನೊಂದರಲ್ಲಿ ಪುಡಿ ನೀರಾಗಿ, ಕಂದಾಗಿ, ಘಮ್ಮೆಂದು ಸೀದುಹೋಯಿತು. ಅಜ್ಜಿ ಕೈಹಾಕಿದ್ದು ಉಪ್ಪಿನ ಡಬ್ಬಿಗೆ. ಕೈ ಹಿಂದಕ್ಕೆ ಎಳೆದುಕೊಂಡಳು.

ಸಂಜೆ ಉಂಡೆ ಕೊಡುತ್ತ ಚಾಳಿಗೆಲ್ಲ ಹೇಳಿದಳು: "ನಮ್ಮ ಸೊಸಿ ನಾಲಗಿಗೆ ಹಚ್ಚದಽ ಉಪ್ಪು ಹೇಳ್ತಾಳ್ರೀ!" ಆ ಹಿಗ್ಗು ಕಂಡು ಕಾಕು ಪರೀಕ್ಷೆಯ ಫಾರ್ಮಿನ ಮಾತೆತ್ತಿದಳು.

"ಮನಿಗೆ ಬೇಕಾದಷ್ಟು ಕಲತೀ ಅಲ್ಲವಾ," ಎಂದಳು ಅಜ್ಜಿ, ನಿಜವಾದ ಅಕ್ಕರೆಯಿಂದ. "ಇನ್ನೇನ ಬೇಕು?"

ಪುಸ್ತಕಗಳು ಅಟ್ಟಕ್ಕೆ ಹೋದವು. ಅಲ್ಲಿಂದ ಮುಂದೆ ಹಬ್ಬ ಬಂದರೆ ಸಾಕು, ಅಕ್ಕಪಕ್ಕದವರು ಕೂಡ ಡಬ್ಬಿ ಹಿಡಿದು ಬರುತ್ತಿದ್ದರು. ಕಾಕು ನಗುತ್ತ ಚಮಚ ಕಾಯಿಸುತ್ತಿದ್ದಳು. ನಗುತ್ತಿದ್ದಳೆಂಬ ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಈಗ ಇಬ್ಬರೂ ಇಲ್ಲ. ಕಾಕು ಪರೀಕ್ಷೆ ಬರೆದು ಫೇಲಾದಳು ಎನ್ನುತ್ತಾನೆ ಅಣ್ಣ. ಹಾಗೆ ಆಗಿದ್ದರೆ ಎಷ್ಟು ಚೆನ್ನಾಗಿತ್ತು. ನನಗೆ ಕಾಣುವುದು ಬೇರೆ: ಪರೀಕ್ಷೆಯ ಬೆಳಿಗ್ಗೆ ಚಾಳಿನ ಹುಡುಗಿಯರು ಗುಂಪಾಗಿ ಹೊರಟಿದ್ದಾರೆ, ಕಾಕು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಿದ್ದಾಳೆ, ಕೊನೆಯವಳ ಜಡೆ ತಿರುವಿನಲ್ಲಿ ಮರೆಯಾದ ಮೇಲೂ ಅಲ್ಲೇ ನಿಂತಿದ್ದಾಳೆ.