ನಿಧಾನಕ್ಕೆ ಸವೆದ ಕ್ಲಚ್ಚು

ಮಲ್ಲಿನಾಥನಿಗೆ ಕೂತಲ್ಲಿ ಕೂರಲು ಬರುವುದಿಲ್ಲ. ಹೋಟೆಲಿನಲ್ಲಿ ಚಹಾ ಹೇಳಿದರೆ ಅದು ಬರುವಷ್ಟರಲ್ಲಿ ಎರಡು ಸಲ ಎದ್ದು ರಸ್ತೆ ನೋಡಿ ಬಂದಿರುತ್ತಾನೆ. ಬಸವಕಲ್ಯಾಣದ ಪಕ್ಕದ ಹಳ್ಳಿಯಿಂದ ಮೀಸೆ ಚಿಗುರುವ ವಯಸ್ಸಿನಲ್ಲಿ ಹೊರಟವನು ಮೊದಲು ಮಾಲೇಗಾಂವದ ಮಗ್ಗಗಳ ಗದ್ದಲದಲ್ಲಿ ದುಡಿದ; ಬೇಸರವಾಯಿತು. ಆಮೇಲೆ ದಿಂಡೋರಿಯ ದ್ರಾಕ್ಷಿ ತೋಟಗಳಲ್ಲಿ ಔಷಧಿ ಹೊಡೆದ, ಅದೂ ಬೇಸರವಾಯಿತು. ಕೊನೆಗೆ ಸಂಭಾಜಿನಗರಕ್ಕೆ ಬಂದು ವಾಳೂಜಿನ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಹಿಡಿದ. ಇಲ್ಲೇ ಮದುವೆಯಾಯಿತು, ಮಕ್ಕಳಾದವು, ತಲೆ ಅರ್ಧ ನರೆಯಿತು. ಇಷ್ಟಾದರೂ ಇವತ್ತಿಗೂ ಅವನ ಮುಖದ ಮೇಲೆ ರೈಲು ತಪ್ಪಿಸಿಕೊಂಡವನ ಗಾಬರಿಯೇ ಇದೆ.

ಇಂಥವನಿಗೆ ಪೆಡಲ್ ತುಳಿಯುವ ತಾಳ್ಮೆ ಎಲ್ಲಿಂದ ಬರಬೇಕು? ದ್ರಾಕ್ಷಿ ತೋಟದವರು ಬಿಸಾಕಿದ್ದ ಔಷಧಿ ಪಂಪಿನ ಪುಟ್ಟ ಎಂಜಿನ್ನೊಂದು ಅವನ ಜೊತೆಗೇ ಇಲ್ಲಿಗೆ ಬಂದಿತ್ತು. ಹಳೇ ಬಜಾರಿನಲ್ಲಿ ಒಂದು ಕ್ಲಚ್ಚು, ಒಂದು ಬೆಲ್ಟು ಹುಡುಕಿ ತಂದು, ಆ ಎಂಜಿನ್ನನ್ನು ತನ್ನ ಸೈಕಲ್ಲಿಗೆ ತಾನೇ ಕೂರಿಸಿಬಿಟ್ಟ. ಹೆಂಡತಿ ಅನುರಾಧಾ ಅದರ ಮೇಲೆ ಒಂದು ದಿನವೂ ಹತ್ತಲಿಲ್ಲ. ಆದರೆ ಗಲ್ಲಿಯ ತಿರುವಿನಲ್ಲಿ ಅದರ ಸದ್ದು ಕೇಳಿದ ಕೂಡಲೇ ಒಲೆಯ ಮೇಲೆ ರೊಟ್ಟಿಯ ಹಂಚು ಇಡುತ್ತಿದ್ದಳು.

ಈ ಮಳೆಗಾಲ ಮುಗಿಯುವ ಹೊತ್ತಿಗೆ ಸೈಕಲ್ಲಿಗೆ ಏನೋ ಆಯಿತು. ಏರು ಬಂದರೆ ಎಂಜಿನ್ ಅರಚುತ್ತದೆ, ಚಕ್ರ ಮಾತ್ರ ತನಗೂ ಅದಕ್ಕೂ ಸಂಬಂಧವಿಲ್ಲ ಎನ್ನುವಂತೆ ತೆವಳುತ್ತದೆ. ಮಲ್ಲಿನಾಥ ಎರಡು ಸಲ ತಡವಾಗಿ ಗೇಟಿಗೆ ಹೋದ. ಇನ್ನೊಂದು ಸಲ ತಡವಾದರೆ ಪಾಸು ಕಿತ್ತುಕೊಂಡು ಮನೆಗೆ ಕಳಿಸುತ್ತೇನೆ ಎಂದು ಗುತ್ತಿಗೆದಾರ ಎಲ್ಲರೆದುರೇ ಹೇಳಿದ. ಈ ವಯಸ್ಸಿನಲ್ಲಿ ಮತ್ತೆ ಕೆಲಸ ಹುಡುಕುತ್ತ ಅಲೆಯುವುದು ಮಲ್ಲಿನಾಥನಿಗೆ ಬೇಡವಾಗಿತ್ತು.

ಅವಸರದ ಮನುಷ್ಯ ಕಣ್ಣಿಗೆ ಕಂಡದ್ದನ್ನೇ ಕಳ್ಳ ಅಂದುಕೊಳ್ಳುತ್ತಾನೆ. ಬೆಲ್ಟು ಹೊರಗೆ ಕಾಣುತ್ತದೆ, ಬೆಲ್ಟನ್ನೇ ಬದಲಾಯಿಸಿದ. ಎರಡೇ ದಿನಕ್ಕೆ ಮತ್ತೆ ಅದೇ ಹಾಡು. ಇನ್ನೊಂದು ಬೆಲ್ಟು ತಂದು ಹಾಕಿದ, ಅದನ್ನು ತಂತಿಯ ಹಾಗೆ ಬಿಗಿದ. ಆಗ ಬೇರಿಂಗು ನರಳತೊಡಗಿತೇ ಹೊರತು ಚಕ್ರಕ್ಕೆ ಬುದ್ಧಿ ಬರಲಿಲ್ಲ. ಬಿಸಿಯಾದಾಗ ಸುಟ್ಟ ವಾಸನೆ ಬೇರೆ. ಕೊನೆಗೆ ಸೋತು, ರಜೆಯ ದಿನ ಸೈಕಲ್ ತಳ್ಳಿಕೊಂಡು ಸರ್ಜೇರಾವನ ಗ್ಯಾರೇಜಿಗೆ ಹೋದ.

ಸರ್ಜೇರಾವನದು ಮಾತು ಕಡಿಮೆ, ಬೀಡಿ ಜಾಸ್ತಿ. ಬೆಲ್ಟಿನಿಂದ ಅದು ಸುತ್ತಿಕೊಂಡ ಎಂಜಿನ್ ಬದಿಯ ಪುಟ್ಟ ರಾಟೆಯವರೆಗೆ ಒಂದೇ ಗೆರೆಯಾಗಿ ಸೀಮೆಸುಣ್ಣ ಎಳೆದ. ಹಿಂದಿನ ಬ್ರೇಕು ಬಿಗಿಯಾಗಿ ಹಿಡಿಯಲು ಮಲ್ಲಿನಾಥನಿಗೆ ಹೇಳಿ ಎಂಜಿನ್ ಜೋರು ಮಾಡಿದ. ಎಂಜಿನ್ ಗಂಟಲು ಹರಿಯುವಂತೆ ಕೂಗಿತು. ಬೆಲ್ಟು ಜಾರುತ್ತಿದ್ದರೆ ಗೆರೆ ಎರಡು ತುಂಡಾಗಬೇಕಿತ್ತು, ಆಗಲಿಲ್ಲ. ಬೆಲ್ಟಿನವರೆಗೆ ಎಳೆತ ಬರುತ್ತಲೇ ಇರಲಿಲ್ಲ. ಜಾರುತ್ತಿದ್ದದ್ದು ಅದಕ್ಕೂ ಮೊದಲು, ಕ್ಲಚ್ಚಿನ ಒಳಗೆ.

ಮುಚ್ಚಳ ಬಿಚ್ಚಿದ. ಒಳಗಿನ ಬಟ್ಟಲಿನಂಥ ಡ್ರಮ್ಮು ಕಾದು ಕಾದು ನೀಲಿಯಾಗಿತ್ತು. ಅದನ್ನು ಕಚ್ಚಿ ಹಿಡಿಯಬೇಕಾದ ಎರಡು ಅರ್ಧಚಂದ್ರ ತುಂಡುಗಳು, ಅಂದರೆ ಶೂಗಳು, ಗಾಜಿನ ಹಾಗೆ ನುಣ್ಣಗಾಗಿದ್ದವು. ಸರ್ಜೇರಾವ್ ಅವನ್ನು ಬೆಳಕಿಗೆ ಹಿಡಿದು, "ದಿನಾ ಯಾರ ಹೆಣದ ಮೆರವಣಿಗೆ ಹಿಂದೆ ಹೋಗ್ತೀಯಪ್ಪ?" ಎಂದು ಮರಾಠಿಯಲ್ಲಿ ಕೇಳಿದ.

ಮಲ್ಲಿನಾಥನಿಗೆ ರೇಗಿಹೋಯಿತು. ತನ್ನನ್ನು ಯಾರೂ ಈವರೆಗೆ ನಿಧಾನಿ ಅಂದಿರಲಿಲ್ಲ. ಸರ್ಜೇರಾವ್ ತಣ್ಣಗೆ ವಿವರಿಸಿದ: ವೇಗ ಸಿಕ್ಕರೆ ಈ ಶೂಗಳು ಹೊರಕ್ಕೆ ಚಾಚಿ ಡ್ರಮ್ಮನ್ನು ಗಟ್ಟಿಯಾಗಿ ಹಿಡಿಯುತ್ತವೆ, ಆಗ ಏನೂ ಸವೆಯುವುದಿಲ್ಲ. ನಡಿಗೆಯ ವೇಗದಲ್ಲಿ ಓಡಿಸಿದರೆ ಅತ್ತ ಹಿಡಿಯುವುದೂ ಇಲ್ಲ, ಇತ್ತ ಬಿಡುವುದೂ ಇಲ್ಲ, ಉಜ್ಜಿ ಉಜ್ಜಿ ಸುಡುತ್ತವೆ. ಹೊಸ ಶೂ ಹಾಕಿ ಕೊಡುತ್ತೇನೆ, ಆದರೆ ಹೀಗೇ ಓಡಿಸಿದರೆ ಇವೂ ಬಾಳಿಕೆ ಬರುವುದಿಲ್ಲ ಎಂದ.

ಆಗ ಮಲ್ಲಿನಾಥನಿಗೆ ಶಿವರಾಯ ನೆನಪಾದ.

ಶಿವರಾಯ ಭಾಲ್ಕಿ ಕಡೆಯವನು. ಅದೇ ಕಾರ್ಖಾನೆಯಲ್ಲಿ ಕಾಯಂ ನೌಕರ, ನಿವೃತ್ತಿಯ ಹೊಸ್ತಿಲಲ್ಲಿದ್ದಾನೆ, ಮೊಣಕಾಲು ಮಡಚದ ಕುಂಟು ನಡಿಗೆ. ಪಾಳಿ ಬಿಟ್ಟ ಮೇಲೆ ಅವನು ಹೆಜ್ಜೆ ಎಳೆಯುತ್ತ ನಡೆಯುವುದು, ಪಕ್ಕದಲ್ಲಿ ಮಲ್ಲಿನಾಥ ಸೈಕಲ್ ಗುರುಗುಟ್ಟಿಸುತ್ತ ಬಾಯ್ತುಂಬ ಮಾತಾಡುವುದು, ಹೀಗೆ ಮನೆಯ ತಿರುವಿನವರೆಗೆ. ಮನೆಯಲ್ಲಿ ಲಾತೂರಿನ ಅನುರಾಧಾ ಮರಾಠಿ, ಮಕ್ಕಳು ಮರಾಠಿ, ಕೆಲಸದಲ್ಲಿ ಹಿಂದಿ. ಆ ಒಂದು ರಸ್ತೆಯಲ್ಲಿ ಮಾತ್ರ ಅವನ ನಾಲಿಗೆಗೆ ಅವನ ಊರು ಸಿಗುತ್ತಿತ್ತು. ಅದನ್ನು ಬಿಡಲು ಅವನಿಗೆ ಮನಸ್ಸಾಗಲಿಲ್ಲ.

ರಾತ್ರಿಯೆಲ್ಲ ಹೊರಳಾಡಿ ಒಂದು ತೀರ್ಮಾನಕ್ಕೆ ಬಂದ. ಅವನ ಮಟ್ಟಿಗೆ ಅದು ತಪಸ್ಸಿಗೆ ಕಡಿಮೆಯದಲ್ಲ. ಮರುದಿನ ಪಾಳಿ ಬಿಟ್ಟಾಗ ಹೇಳಿಯೇಬಿಟ್ಟ: "ಶಿವರಾಯಣ್ಣಾ, ಇವತ್ತಿಂದ ಗಾಡಿ ಬಂದ್ ಮಾಡಿ ನಾ ಭೀ ನಿಮ್ಮ ಜೋಡಿ ನಡ್ಕೋತ ಬರ್ತೀನ್ರಿ." ಯಾಕೆಂಬ ಕಥೆಯನ್ನೂ ಹೇಳಿದ.

ಶಿವರಾಯ ನಿಂತು ನಕ್ಕ. "ನೀ ನಡೀತಿ ಖರೇ. ನನಗ ಇನ್ನ ಎಷ್ಟ ದಿನ ನಡಸಬೇಕಂತ ಮಾಡಿದಿ?"

"ಅಂದ್ರ?"

"ಏ ಹುಚ್ಚಾ, ಕಾಯಂ ಮಂದಿಗಿ ಕಂಪನಿ ಬಸ್ ಇಲ್ಲೇನು? ಮುಂದಿನ ಗೇಟಿಗಿ ಹತ್ತಿದ್ರ ಮನಿ ಮುಂದ ಇಳಸ್ತದ."

"ಮತ್ತ ದಿನಾ ನಡೀತೀರಲ್ರಿ?"

"ಒಂದಿನ ಬಸ್ ತಪ್ಪಿತ್ತು, ನಡ್ಕೋತ ಹೊಂಟಿದ್ದೆ. ನೀ ಬಂದು ಮಾತಾಡ್ಲಕ ಶುರು ಮಾಡ್ದಿ, ಉಸುರು ಭೀ ತಗೊಳ್ಳಾರ್ದಂಗ. ನನಗ ಅನಿಸ್ತು, ಇವಂಗ ಮಾತಾಡ್ಲಕ ಯಾರೂ ಇಲ್ಲ ಅಂತ. ಮರುದಿನ ನಾನೇ ಬಸ್ ಹತ್ತಲಿಲ್ಲ." ಶಿವರಾಯ ಮೊಣಕಾಲು ಒತ್ತಿಕೊಂಡ. "ಡಾಕ್ಟರ್ ಇನ್ನ ನಡೀಬ್ಯಾಡ್ರಿ ಅಂದಾನ. ಹ್ಯಾಂಗ ಹೇಳಬೇಕು ನಿನಗ ಅಂತ ನಾ ಭೀ ಸುಮ್ನ ಇದ್ದೆ. ನಿನ್ನ ಗಾಡಿಗಿ ಹೊಸಾ ಶೂ ಸಿಗ್ತಾವ ತಮ್ಮಾ, ನನ್ನ ಕಾಲಿಗಿ ಯಾ ಬಜಾರದಾಗ ಸಿಗ್ತಾವ ಹೇಳು?"

ಮಲ್ಲಿನಾಥನಿಗೆ ನಗು ಬರಲಿಲ್ಲ. ಇಷ್ಟು ಕಾಲ ಊರು, ಹೊಲ, ಗುತ್ತಿಗೆದಾರ, ತನ್ನ ಮಕ್ಕಳು ಎಂದು ತನ್ನದನ್ನೇ ಹೇಳಿಕೊಂಡು ಬಂದಿದ್ದ. ಪಕ್ಕದಲ್ಲಿ ಕುಂಟುತ್ತಿದ್ದವನಿಗೆ ಕಾಲು ಹೇಗಿದೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಮಾರನೆಯ ದಿನ ಅವನೇ ಶಿವರಾಯನನ್ನು ಮುಂದಿನ ಗೇಟಿಗೆ ಕರೆದುಕೊಂಡು ಹೋಗಿ, ರಟ್ಟೆ ಹಿಡಿದು ಬಸ್ಸು ಹತ್ತಿಸಿದ. ಶಿವರಾಯ ಕಿಟಕಿಯಿಂದ, "ಐತಾರ ಸೂಟಿ ಅದ, ಮನೀಗಿ ಬಾ, ಕುಂತು ಮಾತಾಡಮು" ಎಂದ. ಬರುತ್ತೇನೆ ಎಂದ ಮಲ್ಲಿನಾಥ. ಯಾರ ಮನೆಯಲ್ಲೂ ಅವನು ಕೂತವನಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಬಸ್ಸು ಹೊರಟಿತು.

ಸೈಕಲ್ಲಿನಲ್ಲಿ ಹೊಸ ಶೂಗಳಿದ್ದವು. ಎಂಜಿನ್ ಒಂದೇ ಎಳೆತಕ್ಕೆ ಏಳುತ್ತಿತ್ತು. ರಸ್ತೆಯೂ ಖಾಲಿಯಿತ್ತು. ಮಲ್ಲಿನಾಥ ಎಂಜಿನ್ ಹಚ್ಚಲಿಲ್ಲ. ಸೈಕಲ್ ತಳ್ಳಿಕೊಂಡು ನಡೆದ, ಶಿವರಾಯ ನಡೆಯುತ್ತಿದ್ದಷ್ಟೇ ನಿಧಾನವಾಗಿ, ಅವನು ದಣಿದು ನಿಲ್ಲುತ್ತಿದ್ದ ಕಡೆಯಲ್ಲೆಲ್ಲ ನಿಲ್ಲುತ್ತ.

ಸದ್ದಿಲ್ಲದೆ ಬಂದ ಗಂಡನನ್ನು ಬಾಗಿಲಲ್ಲಿ ಕಂಡು ಅನುರಾಧಾಳಿಗೆ ಗಾಬರಿಯಾಯಿತು. ಹಂಚು ಇನ್ನೂ ಗೂಡಿನಲ್ಲೇ ಇತ್ತು. "ಮತ್ತೆ ಕೆಟ್ಟಿತಾ?" ಎಂದು ಮರಾಠಿಯಲ್ಲಿ ಕೇಳಿದಳು.

"ಹೂಂ, ಕೆಟ್ಟದ" ಎಂದ ಮಲ್ಲಿನಾಥ, ಸೈಕಲ್ಲಿನ ಕಡೆ ನೋಡದೆ, ಆ ಮನೆಯಲ್ಲಿ ಮೊದಲ ಸಲ ಕನ್ನಡದಲ್ಲಿ.