ಎಂಟು ಬಾಗಿಲು, ಒಂದೇ ಮಾಳಿಗೆ

ಗೋಕಾಕದಲ್ಲಿ ನಾವಿರುವ ಚಾಳಿಗೆ ಎಂಟು ಬಾಗಿಲು. ಮಾಳಿಗೆ ಮಾತ್ರ ಒಂದೇ. ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ಕಡಿಯದ ಮಣ್ಣಿನ ಮಾಳಿಗೆ. ಬಿಸಿಲು ಇಳಿದ ಮೇಲೆ ನಾನು ಏಣಿ ಹತ್ತಿ ಅಲ್ಲಿ ಕೂತು ದಿನಚರಿ ಬರೆಯುತ್ತಿದ್ದೆ. ಮನೆಗೊಂದು ಬೆಳಕಿಂಡಿ. ಅವುಗಳಿಂದ ಎದ್ದ ಹೊಗೆ ಸ್ವಲ್ಪ ದೂರ ಬೇರೆ ಬೇರೆಯಾಗಿ ಹೋಗಿ, ಆಮೇಲೆ ಒಂದಾಗಿ ಹೊಳೆಯ ಕಡೆಗೆ ತೇಲುತ್ತಿತ್ತು. ಆ ಹೊತ್ತಿಗೆ ಚಾಳು ಮನೆಯಲ್ಲ, ಘಟಪ್ರಭೆಯ ಮೇಲೆ ಹೊರಟ ಉದ್ದನೆಯ ದೋಣಿ ಎನ್ನಿಸುತ್ತಿತ್ತು. ಅದನ್ನು ಮಾತ್ರ ಬರೆಯುತ್ತಿರಲಿಲ್ಲ. ದಿನಚರಿಯಲ್ಲಿ ಇರುತ್ತಿದ್ದದ್ದು ತಾರೀಖು, ಮಳೆ, ಅವ್ವ ಬಡಿದ ರೊಟ್ಟಿಯ ಲೆಕ್ಕ. ಅಪ್ಪ ತೀರಿಕೊಂಡ ಮೇಲೆ ಅವ್ವ ಗಿರಣಿಯ ಮಂದಿಗೆ ರೊಟ್ಟಿ ಬಡಿದು ಕೊಟ್ಟೇ ನನ್ನನ್ನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ ಓದಿಸಿದ್ದಳು.

ಮಣ್ಣಿನ ಮಾಳಿಗೆಗೆ ವರ್ಷಕ್ಕೊಮ್ಮೆ ಹೊಸ ಮಣ್ಣು ಬೇಕು. ಹೊಲದ ಮಣ್ಣು ನಡೆಯುವುದಿಲ್ಲ. ಹುಲ್ಲು ಹುಟ್ಟದ, ಉಪ್ಪಿನಂಶವಿರುವ ಕರ್ಲು ಮಣ್ಣೇ ಆಗಬೇಕು. ರೋಹಿಣಿ ಮಳೆಗೆ ಮೊದಲು ಚಕ್ಕಡಿಯಲ್ಲಿ ತರಿಸಿ, ಒಣಗಿದ್ದಾಗಲೇ ಹರವಿ, ಬಡಿದು ಕೂರಿಸಬೇಕು. ಮಾಲಕರು ಹುಕ್ಕೇರಿಯಲ್ಲಿದ್ದರು. ಅವರು ಬಾಡಿಗೆ ಏರಿಸುತ್ತಿರಲಿಲ್ಲ, ರಿಪೇರಿ ಮಾಡಿಸುತ್ತಲೂ ಇರಲಿಲ್ಲ. ಹಾಗಾಗಿ ಮಣ್ಣು ನಮ್ಮ ಪಾಲಿಗೆ. ದಿನ ಗೊತ್ತು ಮಾಡುವವಳು ಕೊನೆಯ ಮನೆಯ ಮುದುಕಿ. ಅವಳನ್ನು ಚಾಳೆಲ್ಲ ಆಯಿ ಎನ್ನುತ್ತಿತ್ತು. ಅವಳದೊಂದು ಕಟ್ಟಳೆಯಿತ್ತು: ಯಾರೂ ತಮ್ಮ ಮನೆಯ ಮೇಲೆ ತಾವು ಮಣ್ಣು ಹಾಕಿಕೊಳ್ಳಬಾರದು, ಬಾಜೂ ಮನೆಯದಕ್ಕೆ ಹಾಕಬೇಕು.

"ತನ್ನ ತಲಿ ಮ್ಯಾಲಿಂದು ಹಾಕ್ಕೊಳ್ಳಾವ ಅಂಚು ಬಿಡ್ತಾನ," ಎನ್ನುತ್ತಿದ್ದಳು ಆಯಿ. "ನೀರು ಬರೂದು ಅಂಚಿನಾಗ."

ರಾಜ್ಯ ಮುಂಬಯಿಯಿಂದ ಮೈಸೂರಿಗೆ ಬದಲಾಗಿ ಮೂರನೆಯ ವರ್ಷವದು. ಯುಗಾದಿಯ ಮುಂದೆ ಮಾಲಕರು ತೀರಿಕೊಂಡರು. ಚಾಳನ್ನು ಕೆಡವಿ ಸರಕು ತುಂಬುವ ವಖಾರ ಕಟ್ಟಲು ಹತ್ತಿ ವ್ಯಾಪಾರಿಯೊಬ್ಬ ಅವರ ಮಗನ ಹತ್ತಿರ ಮಾತಾಡಿದ್ದಾನೆಂದು ಸುದ್ದಿ ಬಂತು. ಅವ್ವ ಆ ದಿನ ಒಲೆಯ ಮುಂದೆ ಕೂತಲ್ಲಿಂದ ಬೆಳಕಿಂಡಿ ನೋಡಿದಳು. ಇಷ್ಟು ಬಾಡಿಗೆಗೆ ಗೋಕಾಕದಲ್ಲಿ ಇನ್ನೊಂದು ಮನೆ ಸಿಗುತ್ತಿರಲಿಲ್ಲ. ಊರ ಹೊರಗೆ ಹೋದರೆ ರೊಟ್ಟಿ ಒಯ್ಯಲು ಯಾರೂ ಅಷ್ಟು ದೂರ ಬರುತ್ತಿರಲಿಲ್ಲ.

ಬಾಜೂ ಮನೆಯ ಕಾಕಾ ಹತ್ತಿ ಜಿನ್ನಿನಲ್ಲಿ ತೂಕ ಮಾಡುವವನು. "ಇಂಥಾದ್ದಕ್ಕ ಒಂದ್ ಸಂಸ್ಥಾ ಇದ್ದ ಇರ್ತೈತಿ, ಹುಡುಕಬೇಕಷ್ಟ," ಎಂದ. "ಈ ಹುಡುಗೀನ ಕಳಸವ್ವಾ. ಬರ್ಯಾಕ ಬರ್ತೈತಿ."

ಕಾಕಾ, ನಾನು ಹುಕ್ಕೇರಿಗೆ ಬಸ್ಸು ಹಿಡಿದೆವು. ಮಾಲಕರ ಮಗ ಕೆಟ್ಟವನೇನೂ ಅಲ್ಲ. "ಕೊಳ್ಳೋರು ಯಾರಾದ್ರ ನನಗೇನ್ರಿ? ದೀಪಾವಳಿಯೊಳಗ ವ್ಯವಹಾರ ಮುಗೀಬೇಕು," ಎಂದು ಚಹಾ ಕೊಟ್ಟು ಕಳಿಸಿದ. ಆಮೇಲೆ ನಾವು ಬಾಗಿಲು ಬಾಗಿಲು ತಿರುಗಿದೆವು. ಒಂದು ಮಠದಲ್ಲಿ, "ಮನಿ ವಿಷಯ ನಮಗ ತಿಳಿಯಂಗಿಲ್ಲ, ಪ್ರಸಾದ ತಗೊಂಡ ಹೋಗ್ರಿ," ಎಂದರು. ಉಂಡು ಬಂದೆವು. ಕೊನೆಗೆ ಸಹಕಾರ ಖಾತೆಯ ಕಚೇರಿ ಸಿಕ್ಕಿತು. ಗುಮಾಸ್ತರ ಮೇಜಿನ ಮೇಲೆ ಎರಡು ಕಟ್ಟು ಕಾಯಿದೆಯ ಕಾಗದ. ಒಂದು ಮುಂಬಯಿಯದು, ಇನ್ನೊಂದು ಮೈಸೂರಿನದು. ಯಾವುದು ನಡೆಯುತ್ತದೆಂದು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ.

"ಏನ್ ಬೇಕಾಗಿತ್ತು?" ಎಂದರು ಗುಮಾಸ್ತರು.

"ಮನಿ ವಿಚಾರ ನೋಡೂ ಆಫೀಸ್ ಇದ ಏನ್ರಿ?"

"ನಿಮಗ ಮನಿ ಇಲ್ಲೇನು?"

"ಐತ್ರಿ," ಎಂದ ಕಾಕಾ.

"ಮತ್ತ?"

"ಇದ್ದ ಮನಿ ಇದ್ದಂಗ ಇರೂವಂಗ ಮಾಡೂ ಆಫೀಸ್ ಬೇಕಾಗೇತ್ರಿ."

ಗುಮಾಸ್ತರು ಲೇಖನಿ ಕೆಳಗಿಟ್ಟು ನಕ್ಕರು. ನಕ್ಕ ಮೇಲೆ ಸರಿಯಾಗಿಯೇ ಹೇಳಿದರು. ಬಾಡಿಗೆದಾರರೆಲ್ಲ ಸೇರಿ ಸಂಘ ಮಾಡಿಕೊಳ್ಳಬೇಕು. ಸಂಘಕ್ಕೆ ಸಹಕಾರಿ ಬ್ಯಾಂಕು ಸಾಲ ಕೊಟ್ಟರೆ ಸಂಘವೇ ಚಾಳು ಕೊಳ್ಳಬಹುದು. ಮೂಡಲಗಿಯಲ್ಲಿ ಹಾಗೆ ಮಾಡಿದವರಿದ್ದಾರೆ, ಅವರನ್ನು ಕಂಡು ಬನ್ನಿ ಎಂದರು.

ಮೂಡಲಗಿಗೆ ಹೋದ ದಿನದ ನೆನಪು ಬಿಸಿಲಿನಲ್ಲಿ ಕರಗಿದಂತಿದೆ. ಬಸ್ಸಿನಲ್ಲಿ ನನಗೆ ಜೊಂಪು. ಕಣ್ಣು ಮುಚ್ಚಿದರೆ ನಮ್ಮ ದೋಣಿ ಕಾಣುತ್ತಿತ್ತು. ತೆರೆದರೆ ಕರಿ ಹೊಲ, ಮತ್ತೆ ಕರಿ ಹೊಲ. ಇಳಿದು ಕೇಳಿಕೊಂಡು ಹೋದಲ್ಲಿ ಬೇವಿನ ನೆರಳಿನಲ್ಲಿ ಸಾಲು ಮನೆ, ಪ್ರತಿ ಬಾಗಿಲಿಗೂ ಒಂದೇ ಹಸಿರು ಬಣ್ಣ. ಅಂಗಳದಲ್ಲಿ ಒಬ್ಬ ಹೆಂಗಸು ಮೆಣಸಿನಕಾಯಿ ಒಣಹಾಕಿ ಅದರ ಪಕ್ಕದಲ್ಲೇ ಮಲಗಿದ್ದಳು. ಅಷ್ಟು ನಿರ್ಭಯದ ನಿದ್ದೆಯನ್ನು ನಾನು ಎಲ್ಲೂ ಕಂಡಿರಲಿಲ್ಲ. ಸಂಘದ ಅಧ್ಯಕ್ಷರು ಕಿರಾಣಿ ಅಂಗಡಿಯ ಹಿರಿಯರು, ಹಣೆಯ ತುಂಬ ವಿಭೂತಿ. "ಶರಣ್ರಿ, ಬರ್ರಿ," ಎಂದು ಕೂರಿಸಿದರು.

"ಇಲ್ಲೆ ಮನಿ ಯಾರದೂ ಅಲ್ಲ, ಎಲ್ಲಾರದೂ ಹೌದು," ಎಂದರು. "ಇರೂತನಕ ಇರೂದು. ಬ್ಯಾಡಾದ್ರ ಸಂಘಕ್ಕ ಬಿಟ್ಟ ಹೋಗೂದು. ಮಾರೂವಂಗಿಲ್ಲ, ಬಾಡಿಗಿ ಏರಸೂವಂಗಿಲ್ಲ." ಬ್ಯಾಂಕಿನ ಇನ್ಸ್ಪೆಕ್ಟರನ್ನು ತಾವೇ ಕರೆತರುವುದಾಗಿ ಹೇಳಿದರು. "ಆದ್ರ ಬೀಳೂ ಮನಿಗೆ ಬ್ಯಾಂಕ್ ಸಾಲ ಕೊಡಂಗಿಲ್ಲ. ಮಾಳಗಿಗೆ ಮಣ್ಣ ಹಾಕೀರಿಲ್ಲೋ?"

"ಇನ್ನೂ ಇಲ್ರಿ," ಎಂದೆ.

"ಹಾಕ್ರಿ," ಎಂದರು. ಮೊದಲು ಕುಡಿಯಲು ನೀರು ಕೊಟ್ಟರು, ಆಮೇಲೆ ಬೆಲ್ಲ.

ಊರಿಗೆ ಬಂದು ನೋಡಿದರೆ ಚಾಳು ಬೇರೆಯೇ ತೀರ್ಮಾನ ಮಾಡಿತ್ತು. ಈ ಸಲ ಮಣ್ಣು ಹಾಕುವುದೇ ಇಲ್ಲ. "ವ್ಯಾಪಾರಿ ವಖಾರಕ್ಕ ನಾವ್ಯಾಕ ಮಣ್ಣ ಹೊರೂದು?" ಎಂದು ಮೂರು ಬಾಗಿಲು. ಉಳಿದವರದು ಇನ್ನೂ ದೊಡ್ಡ ಜಾಣತನ: "ಸೋರೂ ಚಾಳಕ್ಕ ಯಾವ ಹುಚ್ಚ ಗಿರಾಕಿ ಬರ್ತಾನ?" ಕಾಕಾ ಬಸ್ಸಿನಲ್ಲಿ ಅಧ್ಯಕ್ಷರ ಮಾತನ್ನು ಬಾಯಿಪಾಠ ಮಾಡುತ್ತ ಬಂದವನು, ಇಲ್ಲಿ ಎರಡು ಮಾತು ಕೇಳಿ ಅವರ ಕಡೆಗೇ ವಾಲಿಬಿಟ್ಟ. ನಾನು ಅಧ್ಯಕ್ಷರು ಹೇಳಿದ್ದನ್ನು ಒಂದೊಂದು ಬಾಗಿಲಲ್ಲಿಯೂ ಹೇಳಿದೆ.

"ಸಂಘ ಆಗಲಿ, ಆಮ್ಯಾಲ ಹಾಕೂಣು," ಎಂದರು.

"ರೋಹಿಣಿ ನಿಮ್ಮ ಸಂಘದ ದಾರಿ ಕಾಯತೈತೇನು?" ಎಂದಳು ಆಯಿ.

"ನೀ ಸುಮ್ನಿರ ಆಯಿ, ಇದು ರಾಜಕಾರಣ," ಎಂದ ಕಾಕಾ.

"ಹೌದಪ್ಪಾ. ತಲಿ ಮ್ಯಾಲ ಬಿದ್ದಾಗ ರಾಜಕಾರಣಾನ ಹೊತ್ಕೊ."

ರೋಹಿಣಿ ಸುಮ್ಮನೆ ಮುಗಿಯಿತು. ಮಿರಗ, ಅಂದರೆ ಮೃಗಶಿರಾ ಮಳೆ, ಹುಟ್ಟಿದ ಮೇಲೆ ಒಂದು ಮಧ್ಯಾಹ್ನ ಮಳೆ ಹಿಡಿಯಿತು. ನಮ್ಮ ಬೆಳಕಿಂಡಿಗೆ ತಗಡು ಮುಚ್ಚಿ ಅವ್ವ, ನಾನು ಕತ್ತಲಲ್ಲಿ ಕೂತೆವು. ಮೊದಲು ಗೋಡೆಯ ಅಂಚಿನಲ್ಲಿ ತೇವ. ಆಮೇಲೆ ಒಂದು ಹನಿ, ಇನ್ನೊಂದು. ಬೋಗುಣಿ, ತಾಟು, ಚರಗಿ ಇಟ್ಟೆವು. ಒಂದೊಂದರಲ್ಲಿ ಒಂದೊಂದು ಸ್ವರ. ಎಂಟು ಮನೆಯಲ್ಲೂ ಅದೇ ನಡೆದಿತ್ತು, ಗೋಡೆಯಾಚೆ ಕೇಳುತ್ತಿತ್ತು. ಎಷ್ಟೋ ಹೊತ್ತು ನಾನು ಭಯಪಡುವುದನ್ನೇ ಮರೆತು ಅದನ್ನು ಕೇಳಿಸಿಕೊಂಡೆ. ಒಮ್ಮೆಲೇ ಕಾಕಾನ ಮನೆಯಲ್ಲಿ ದಪ್ಪನೆಯ ಸದ್ದಾಯಿತು. ಮೂಲೆಯ ಮಾಳಿಗೆ ಒಂದು ಮೊರದಷ್ಟು ಕುಸಿದಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ.

ಮಾರನೆಯ ದಿನ ವ್ಯಾಪಾರಿಯ ಮನುಷ್ಯ ಬಂದು ಆ ತೂತನ್ನು ನೋಡಿದ. ಅವನ ಮುಖದ ಮೇಲೆ ಬೇಸರವಿರಲಿಲ್ಲ. "ಪಾಪ, ಇಂಥಾ ಮನ್ಯಾಗ ಹೆಂಗ ಇರ್ತೀರಿ? ಮುನಸಿಪಾಲ್ಟಿಗೆ ಹೇಳಿದ್ರ ಅವ್ರ ಖಾಲಿ ಮಾಡಸ್ತಾರ," ಎಂದು ಛತ್ರಿ ಬಿಡಿಸಿಕೊಂಡು ಹೋದ. ನಮ್ಮ ಜಾಣತನ ಯಾರಿಗೆ ಅನುಕೂಲವಾಗಿತ್ತೆಂದು ಆಗ ತಿಳಿಯಿತು. ಹಿಂದೆಯೇ ಮೂಡಲಗಿಯಿಂದ ಬಸ್ಸಿನವನ ಕೈಯಲ್ಲಿ ಹೇಳಿಕಳಿಸಿದ್ದರು: ನಾಳೆ ಇನ್ಸ್ಪೆಕ್ಟರ್ ಬರುತ್ತಾರೆ.

ಮಳೆ ನಿಂತು ಬಿಸಿಲು ಬಿದ್ದಿತ್ತು, ಆದರೆ ಒಣ ಮಣ್ಣು ಎಲ್ಲಿಯದು? ಸೀಮೆಯ ಮಣ್ಣೆಲ್ಲ ಒದ್ದೆ. ಗಂಡಸರು ಕಟ್ಟೆಯ ಮೇಲೆ ಕೂತು ಒಬ್ಬರ ಮುಖ ಒಬ್ಬರು ನೋಡಿದರು. ಆಯಿ ತನ್ನ ಬಾಗಿಲನ್ನು ಪೂರಾ ತೆರೆದಳು. ಒಳಗೆ ಅರ್ಧ ಕೋಣೆ ಒಣ ಕರ್ಲು ಮಣ್ಣು, ಗೋಣಿ ಹೊದಿಸಿದ ಗುಡ್ಡೆ; ಅದರ ಮಗ್ಗುಲಿಗೆ ಅವಳ ಹಾಸಿಗೆ. ವರ್ಷದ ಚಕ್ಕಡಿಯವನು ವಾಡಿಕೆಯಂತೆ ಬಂದಾಗ ಇವಳು ಬೇಡವೆನ್ನದೆ ಒಳಗೆ ಸುರಿಸಿಕೊಂಡಿದ್ದಳು.

"ಆಯಿ, ಇಷ್ಟು ದಿನಾ ಇದರ ಬಾಜೂಕ ಮಲಗಿದ್ಯಾ?" ಎಂದಳು ಅವ್ವ.

"ಈ ಕಾಕಾನಕಿಂತ ಭೇಸಿ. ಗೊರಕಿ ಹೊಡಿಯಂಗಿಲ್ಲ."

ಕಾಕಾ ತಲೆ ತಗ್ಗಿಸಿ ಮೊದಲ ಬುಟ್ಟಿ ಎತ್ತಿದ.

ಬೆಳಿಗ್ಗೆ ಬೇಗ ಎಲ್ಲರೂ ಮೇಲಿದ್ದೆವು. ನಾನು ಬುಟ್ಟಿ ಎಣಿಸುತ್ತಿದ್ದೆ. ಅರ್ಧದಲ್ಲಿ ಲೆಕ್ಕ ತಪ್ಪಿತು, ಮತ್ತೆ ಹಿಡಿಯಲಿಲ್ಲ. ಅಧ್ಯಕ್ಷರೂ ಇನ್ಸ್ಪೆಕ್ಟರೂ ಏಣಿ ಹತ್ತಿ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಇನ್ಸ್ಪೆಕ್ಟರು ಮಣ್ಣು ಬಡಿಯುತ್ತಿದ್ದ ಕಾಕಾನನ್ನು ಕೇಳಿದರು: "ಇದು ನಿಮ್ಮ ಮನೀನ?"

"ಅಲ್ರಿ, ಈ ಅಕ್ಕಾರದು."

ಅವ್ವನ ಕಡೆ ತಿರುಗಿದರು. "ನೀವು ಹಾಕಾಕತ್ತಿದ್ದು?"

"ಅದರಾಚಿಗಿನವ್ರದ್ರಿ."

"ನಿಮ್ಮದು ಯಾಕ ನೀವು ಹಾಕ್ಕೊಳ್ಳಂಗಿಲ್ಲ?"

ಕೆಳಗಿನಿಂದ ಆಯಿಯೇ ಕೂಗಿದಳು: "ಅಂಚು ಬಿಡ್ತಾರ್ರಿ, ಸಾಹೇಬ್ರ!"

ಅವರು ಕೆಳಗಿಳಿದು ಎಂಟು ಮನೆಗಳಲ್ಲಿಯೂ ಬೆಳಕಿಂಡಿಯ ಕೆಳಗೆ ನಿಂತು ಮೇಲೆ ನೋಡಿದರು. ತೊಲೆಗಳನ್ನು ಕೋಲಿನಿಂದ ಕುಟ್ಟಿದರು. ಕಾಕಾನ ಮೂಲೆಯಲ್ಲಿ ಬಹಳ ಹೊತ್ತು ನಿಂತರು. "ಆ ಒಂದು ತೊಲಿ ಬದಲ ಮಾಡ್ರಿ. ಉಳದದ್ದು ಗಟ್ಟಿ ಐತಿ," ಎಂದರು. ಅಧ್ಯಕ್ಷರು ನನ್ನನ್ನು ನೋಡಿ ಕಣ್ಣಲ್ಲೇ ನಕ್ಕರು.

ನಮ್ಮ ಸಂಘ ಆಯಿತು, ಬ್ಯಾಂಕಿನ ಸಾಲ ಮಂಜೂರಾಯಿತು, ದೀಪಾವಳಿಗೆ ಮೊದಲು ಚಾಳು ಸಂಘದ ಹೆಸರಿಗೆ ಬಂತು. ಸಹಿ ಮಾಡಿದವರಲ್ಲಿ ಅವ್ವನೂ ಇದ್ದಳು. ಆಯಿ ಹೆಬ್ಬೆಟ್ಟು ಒತ್ತಿ, ಮಸಿಯನ್ನು ಕಾಕಾನ ತೋಳಿಗೆ ಒರೆಸಿದಳು.

ಈ ವರ್ಷ ರೋಹಿಣಿಗೆ ಮೊದಲೇ ಮಣ್ಣು ಬಿದ್ದಿದೆ. ನಿನ್ನೆ ಸಂಜೆ ಮೊದಲ ಮಳೆ ನಿಂತ ಮೇಲೆ ಏಣಿ ಹತ್ತಿ ಒದ್ದೆ ಮಾಳಿಗೆಯ ಮೇಲೆ ಗೋಣಿ ಹಾಸಿ ಮಲಗಿದೆ. ಕಣ್ಣು ಮುಚ್ಚಿದಾಗ ನನ್ನ ಕೆಳಗೆ ಯಾರ ಮನೆಯಿದೆ ಎಂದು ತಿಳಿಯಲಿಲ್ಲ. ಹತ್ತಿರದ ಬೆಳಕಿಂಡಿಯಿಂದ ಜೋಳದ ರೊಟ್ಟಿಯ ವಾಸನೆ ಬಂತು, ಅದರ ಹಿಂದೆಯೇ ಅವ್ವ ರೊಟ್ಟಿ ಬಡಿಯುವ ಸದ್ದು. ಆಗ ನಮ್ಮದೇ ಎಂದು ಗೊತ್ತಾಯಿತು. ದೋಣಿ ಎಲ್ಲಿಗೂ ಹೊರಟಿರಲಿಲ್ಲ.